ಮೇಷ್ಟ್ರ ಸರದಿ

"ಹಣ ಸಂದಾಯವಾಗಿದೆ," ಎಂದಿತು ಕನ್ನಡಿಯ ಪಕ್ಕದ ಪೆಟ್ಟಿಗೆ. ಕ್ಷೌರದಂಗಡಿಯಲ್ಲಿ ಆಗ ಹಣ ಕೊಟ್ಟವರು ಯಾರೂ ಇರಲಿಲ್ಲ. "ಕ್ಷೌರದ ಹಣ ತಿಂಗಳ ಮೊದಲ ದಿನ ತಾನಾಗೇ ಹೋಗುತ್ತೆ. ನಾನು ಮರೆತರೂ ಇದು ಮರೆಯಲ್ಲ ಕಣಯ್ಯ," ಎಂದು ನಕ್ಕು, ಮೊಬೈಲಿಗೆ ಆ ಕೆಲಸ ಒಪ್ಪಿಸಿದ್ದ ಮೇಷ್ಟ್ರು ಕಳೆದ ತಿಂಗಳು ತೀರಿಹೋಗಿದ್ದರು.

"ಸತ್ತ ಮೇಲೂ ಬಾಕಿ ಉಳಿಸ್ಕೊಳ್ಳದ ಪುಣ್ಯಾತ್ಮ!" ಎನ್ನುತ್ತ ಕುರ್ಚಿಗೆ ಏರಹೊರಟ ದರ್ಜಿ, ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಮಗಳನ್ನು ಕಂಡು ನಾಲಿಗೆ ಕಚ್ಚಿಕೊಂಡ. ಅವಳ ಕೈಯಲ್ಲಿ ಅಪ್ಪನ ಮೊಬೈಲಿತ್ತು. ಹೆಬ್ಬೆರಳು ರದ್ದುಮಾಡುವ ಗುಂಡಿಯ ಮೇಲಿತ್ತು.

"ಇದನ್ನ ನಿಲ್ಲಿಸೋಕೇ ಬಂದೆ ಅಣ್ಣ. ನಿಮಗೊಂದು ಮಾತು ಹೇಳದೆ ಮನಸ್ಸು ಬರ್ಲಿಲ್ಲ," ಎಂದಳು ಕ್ಷೌರಿಕನಿಗೆ.

"ನಿಲ್ಲಿಸು ತಾಯಿ. ಆದ್ರೆ ಈ ತಿಂಗಳದು ಬಂದಾಯ್ತಲ್ಲ, ಅವರ ಋಣ ನನಗೆ ಬೇಡ," ಎಂದ ಕ್ಷೌರಿಕ, ದರ್ಜಿಯನ್ನು ಕಣ್ಣಲ್ಲೇ ತಡೆದು ಖಾಲಿ ಕುರ್ಚಿಗೆ ಬಿಳಿಬಟ್ಟೆ ಹೊದಿಸಿದ. ತಲೆಯೊರಗಿಸುವ ದಿಂಬನ್ನು ಮೇಷ್ಟ್ರ ಕುತ್ತಿಗೆಯ ಎತ್ತರಕ್ಕೆ ಇಳಿಸಿದ. ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ, ಎಂದಿನಂತೆ ಬಾಗಿ ಕೇಳಿದ: "ನೀರು ಸುಡ್ತಿಲ್ಲ ತಾನೆ ಮೇಷ್ಟ್ರೇ?"

"ಹದವಾಗಿದೆ ಕಣಯ್ಯ."

ಆ ದನಿ ತನ್ನದೇ ಎಂದು ಮಗಳಿಗೆ ತಿಳಿದದ್ದು, ಹೆಬ್ಬೆರಳು ಗುಂಡಿಯಿಂದ ಸರಿದ ಮೇಲೆ.