ಆಕ್ಷೇಪವಿಲ್ಲ

ಕಂತು ಕಂತಾಗಿ ಬರುವ ಆ ಹಾಸ್ಯದ ವಿಡಿಯೊ ಗೇಮ್‌ನ ನಾಲ್ಕನೇ ಕಂತಿನಲ್ಲಿ ಕುಳ್ಳನೊಬ್ಬನನ್ನು ಮಗುವಿನ ಶವಪೆಟ್ಟಿಗೆಗೆ ತುರುಕಿ ಹೂಳುತ್ತಾರೆ. “ಅಳತೆ ಸರಿಹೋಯ್ತು!” ಎಂದು ಊರೆಲ್ಲ ನಗುತ್ತದೆ.

ಮೂರೂವರೆ ಅಡಿ ಎತ್ತರದ ಚಂದ್ರಹಾಸ ಅದನ್ನು ಎರಡು ಸಲ ಆಡಿ ನೋಡಿದ. ಇಂಥ ಜೋಕುಗಳಿಗೆ ‘ಆಕ್ಷೇಪವಿಲ್ಲ’ ಎಂದು ಕುಳ್ಳನೊಬ್ಬನ ಸಹಿ ಇರಲೆಂದೇ ಗೇಮ್ ತಯಾರಿಸುವ ಕಂಪನಿ ಅವನನ್ನು ಹೋದ ತಿಂಗಳು ಕೆಲಸಕ್ಕೆ ತೆಗೆದುಕೊಂಡಿತ್ತು.

“ಬೇಜಾರಾಗಿದ್ರೆ ಹೇಳಿಬಿಡಿ. ಮೇಲಿನವರಿಗೆ ತಿಳಿಸ್ತೀನಿ,” ಎಂದಳು ಕಥೆ ಬರೆದ ನಿವೇದಿತಾ.

ಹೇಳಲೆಂದೇ ಬಾಯಿ ತೆರೆದವನು ತಡೆದು ಕೇಳಿದ: “ಮೇಡಂ, ನನಗಿಂತ ಮುಂಚೆ ಸಹಿ ಹಾಕ್ತಿದ್ದವರು ಕೆಲಸ ಯಾಕೆ ಬಿಟ್ರು?”

ಆಕೆ ದನಿ ತಗ್ಗಿಸಿದಳು. “ಬಿಟ್ಟಿದ್ದಲ್ಲ. ಮೂರನೇ ಕಂತು ನೋಡಿ ಬೇಜಾರಾಯ್ತು ಅಂದ್ರು. ಅವತ್ತೇ ಮನೆಗೆ ಕಳಿಸಿದ್ರು.”

ಚಂದ್ರಹಾಸ ತಟ್ಟನೆ ಪರದೆಯ ಮೇಲಿನ ಶವಪೆಟ್ಟಿಗೆಯತ್ತ ತಿರುಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.