ನೀರು ಬಂದ ಎತ್ತರ

“ಏನಿದು ಮೇಡಂ, ಬಟ್ಟೆ ಒಣಹಾಕೋ ಹಗ್ಗಾನಾ?” ಎಂದು ಕ್ಯಾಪ್ಟನ್ ಪಿಲೊ ಕೇಳಿದ್ದೇ ತಡ, ಕಡಲ ದಂಡೆಯ ಚೌಕದಲ್ಲಿ ಸೇರಿದ್ದ ಊರವರೆಲ್ಲ ಬಿದ್ದು ಬಿದ್ದು ನಕ್ಕರು. ಸಮಾರ್ ದ್ವೀಪದ ಊರುಗಳಲ್ಲಿ ಪಂಚಾಯಿತಿ ಅಧ್ಯಕ್ಷನನ್ನು ಕ್ಯಾಪ್ಟನ್ ಎಂದೇ ಕರೆಯುವುದು; ಅವನು ನಕ್ಕರೆ ಊರೂ ನಗಬೇಕು. ಹಗ್ಗದ ಸುರುಳಿ ಹಿಡಿದು ನಿಂತಿದ್ದ ಜೊವಿತಾಳಿಗೂ ನಗು ತಡೆಯಲಾಗಲಿಲ್ಲ.

ಹಿಂದೊಮ್ಮೆ ಸಮುದ್ರವನ್ನೇ ಊರೊಳಕ್ಕೆ ನುಗ್ಗಿಸಿದ್ದ ಬಿರುಗಾಳಿಯ ನೆನಪಿಗೆ ಚೌಕದಲ್ಲಿ ಏನಾದರೊಂದು ನಿಲ್ಲಿಸಬೇಕೆಂದು ಪಂಚಾಯಿತಿ ಹೊರಟಿತ್ತು. ಏನು ನಿಲ್ಲಿಸುವುದೆಂದು ಇವತ್ತು ತೀರ್ಮಾನವಾಗಬೇಕು. ಇಂಥ ಪಂಚಾಯಿತಿಗಳಿಗೆ ಕಲಾವಿದರನ್ನು ಹುಡುಕಿಕೊಟ್ಟು, ನಕ್ಷೆ ತೋರಿಸಿ, ದಾರಿ ಹೇಳುವುದು ಜೊವಿತಾಳ ಕೆಲಸ. ಆದರೆ ‘ಇದನ್ನೇ ಆರಿಸಿ’ ಎಂದು ಮಾತ್ರ ಅವಳು ತುಟಿ ಪಿಟಕ್ಕೆನ್ನುವಂತಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡಿದ್ದಕ್ಕೇ ಪಕ್ಕದೂರಿನ ಸರ್ಕಲ್ಲಿನಲ್ಲಿ ಜಿರಳೆಯಂಥ ಸಿಗಡಿ ಪ್ರತಿಮೆಯೊಂದು ಮೀಸೆ ಬಿಟ್ಟುಕೊಂಡು ನಿಂತಿದೆ.

ಇಲ್ಲಿ ಕ್ಯಾಪ್ಟನ್‌ಗೆ ಏಡಿ ಬೇಕಿತ್ತು. ಮನೆಯಷ್ಟು ದೊಡ್ಡ ಕೆಂಪು ಏಡಿ, ಮುಖದಲ್ಲಿ ನಗು. “ಅತ್ತಿದ್ದು ಸಾಕು ಮೇಡಂ. ಇನ್ಮೇಲೆ ಈ ಊರಿಗೆ ಬಂದೋರು ಏಡಿ ಮುಂದೆ ನಿಂತು ಫೋಟೊ ತೆಗೆಸ್ಕೊಂಡು ನಕ್ಕೊಂಡು ಹೋಗ್ಲಿ,” ಎನ್ನುವುದು ಅವನ ವಾದ. ಊರಿಗೆಲ್ಲ ಅಕ್ಕನಾದ ಮಾನಾ ಸಬೆಲ್ ಪಂಚಾಯಿತಿಯ ಸದಸ್ಯೆ. “ಏಡಿ ಮಾರಿ ಬದುಕೋಳು ನಾನು, ಏಡಿ ಬೇಡ ಅಂದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ,” ಎಂದು ಅವಳೂ ಅವನ ಕಡೆಗೇ ಸೇರಿದ್ದಳು. ಜೊವಿತಾಳ ಮನಸ್ಸು ಸಿಕ್ಕಿಕೊಂಡಿದ್ದು ಇನ್ನೊಂದು ನಕ್ಷೆಯಲ್ಲಿ: ಅವತ್ತು ಸಮುದ್ರ ಎಷ್ಟೆತ್ತರಕ್ಕೆ ಎದ್ದು ಬಂದಿತ್ತೋ ಅಷ್ಟೇ ಎತ್ತರದಲ್ಲಿ, ಚೌಕದ ಈ ಬದಿಯಿಂದ ಆ ಬದಿಗೆ ಒಂದು ನೀಲಿ ಉಕ್ಕಿನ ತಂತಿ. ಕಾಗದದ ಮೇಲೆ ಅದು ಬರೀ ಗೆರೆ. ಯಾರೂ ತಿರುಗಿ ಕೂಡ ನೋಡಿರಲಿಲ್ಲ. ಮತಕ್ಕೆ ಹಾಕುವ ಮೊದಲು ಹಗ್ಗ ಕಟ್ಟಿ ಒಂದು ಸಲ ನೋಡಿಬಿಡೋಣ ಎಂದಷ್ಟೇ ಅವಳು ಬೇಡಿಕೊಂಡಿದ್ದಳು. ಏಡಿ ಗೆದ್ದರೆ ಆ ಗೆರೆಯ ಕಥೆ ಅಲ್ಲಿಗೆ ಮುಗಿಯಿತು.

ಇಬ್ಬರು ಏಣಿ ಹತ್ತಿ ದೀಪದ ಕಂಬದಿಂದ ತೆಂಗಿನ ಮರಕ್ಕೆ ಹಗ್ಗ ಬಿಗಿದರು. ಮೀನಂಗಡಿಯ ತಗಡಿನ ಸೂರಿಗಿಂತ ತುಸು ಮೇಲೆ ಅದು ನಿಂತಿತು. ಸರ್ಕಾರದ ವರದಿಯಲ್ಲಿದ್ದ ಎತ್ತರ ಅದು.

“ತಪ್ಪು,” ಎಂದ ಕ್ಯಾಪ್ಟನ್.

“ಏನು ತಪ್ಪು?” ಎಂದಳು ಜೊವಿತಾ.

“ಎತ್ತರ ತಪ್ಪು. ಯಾರ್ರೀ ನಿಮಗೆ ಹೇಳಿದ್ದು ಇಷ್ಟೇ ಅಂತ? ನೀರು ಇಲ್ಲಿಗೇ ನಿಂತಿದ್ರೆ...” ಮಾತು ಅಷ್ಟಕ್ಕೇ ಬಿಟ್ಟು ಅವನು ಏಣಿಯತ್ತ ತಿರುಗಿದ. “ಏಯ್, ಮೇಲಕ್ಕೆ ಕಟ್ರೋ!”

ಮೇಲಕ್ಕೆ ಕಟ್ಟಿದರು. “ಇನ್ನೂ ಮೇಲೆ.” ದೀಪದ ಕಂಬದ ತುದಿ ಬಂತು. “ಇನ್ನೂ ಮೇಲೆ,” ಎಂದ ಕ್ಯಾಪ್ಟನ್. ಈಗ ಚೌಕದಲ್ಲಿ ನಗುವವರು ಯಾರೂ ಇರಲಿಲ್ಲ.

“ಏಣಿ ಮುಗೀತು ಕ್ಯಾಪ್ಟನ್,” ಎಂದು ಮರದ ಮೇಲಿದ್ದವನು ಹೇಳಿದ.

“ಇಳಿ ಕೆಳಗೆ,” ಎಂದು ಅವನನ್ನು ಇಳಿಸಿ ಕ್ಯಾಪ್ಟನ್ ಚಪ್ಪಲಿ ಬಿಟ್ಟ. ಕ್ಯಾಪ್ಟನ್ ಆಗುವ ಮೊದಲು ತೆಂಗಿನ ಮರಗಳಿಂದ ಹೆಂಡ ಇಳಿಸುತ್ತಿದ್ದವನು. ಈಗ ಹೊಟ್ಟೆ ಬಂದಿತ್ತು, ಉಸಿರು ಸಾಲುತ್ತಿರಲಿಲ್ಲ. “ಬಿದ್ದು ಸಾಯ್ತೀಯೋ ಮುದಿಯಾ!” ಎಂದು ಮಾನಾ ಸಬೆಲ್ ಬಾಯಿ ಬಡಿದುಕೊಂಡಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಾಂಡದಲ್ಲಿ ಕೊರೆದ ಮೆಟ್ಟಿಲುಗಳಿಗೆ ಕಾಲು ಕೊಡುತ್ತ, ಏದುಸಿರು ಬಿಡುತ್ತ ಹತ್ತಿದ. ಕಂಬವನ್ನೂ ದಾಟಿ ಹೋಗಿ, ಒಂದು ಕಡೆ ಮರವನ್ನು ಬಿಗಿಯಾಗಿ ತಬ್ಬಿಕೊಂಡು ಕೆನ್ನೆಯನ್ನು ಅದಕ್ಕೆ ಒತ್ತಿದ. ಆಮೇಲೆ ಹಗ್ಗವನ್ನು ತನ್ನ ಗದ್ದದ ನೇರಕ್ಕೆ ಸುತ್ತಿದ.

“ಇಲ್ಲಿ!” ಎಂದು ಕೂಗಿದ. “ಅವತ್ತು ನೀರು ಇಲ್ಲೇ ಇತ್ತು! ತಂತಿ ಇಲ್ಲೇ ಕಟ್ಸಿ ಮೇಡಂ. ಒಂದು ಗೇಣು ಕೆಳಗೆ ಕಟ್ಟಿದ್ರೂ ನಾನು ಒಪ್ಪೋನಲ್ಲ!”

ಜೊವಿತಾ ಕತ್ತೆತ್ತಿ ನೋಡಿದಳು. ಇಷ್ಟು ದಿನ ಅದು ಅವಳಿಗೆ ವರದಿಯ ಒಂದು ಅಂಕಿಯಾಗಿತ್ತು. ಈಗ ಮೀನಂಗಡಿ, ಬೀದಿದೀಪ, ಶಾಲೆಯ ಕಿಟಕಿಗಳು, ಮಕ್ಕಳನ್ನು ಸೊಂಟಕ್ಕೆತ್ತಿಕೊಂಡು ನಿಂತ ಹೆಂಗಸರು, ಎಲ್ಲವೂ ಎಲ್ಲರೂ ಆ ಹಗ್ಗದ ಕೆಳಗೆ, ನೀರಿನ ತಳದಲ್ಲಿದ್ದರು. ಅವಳೂ ಅಲ್ಲೇ ಇದ್ದಳು. ಅಬ್ಬಾ, ಇಷ್ಟು ನೀರು! ಇಷ್ಟು ನೀರಿನೊಳಗಿಂದ ಎದ್ದು ಬಂದು ಇವರು ಇಲ್ಲಿ ತಮಾಷೆ ಮಾಡಿಕೊಂಡು ನಿಂತಿದ್ದಾರಲ್ಲ! ತಾನು ಆಗಿನಿಂದ ಉಸಿರು ಹಿಡಿದುಕೊಂಡಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಮತದ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬ ಬೆಸ್ತ ಹಗ್ಗದ ನೇರಕ್ಕೆ ಗಾಳಿಯಲ್ಲಿ ಎಲ್ಲೋ ಬೆರಳು ತೋರಿಸಿ ಪಕ್ಕದವನಿಗೆ ಏನೋ ಹೇಳಿದ. ಅವನ ಹೆಂಡತಿ, ಅಲ್ಲಲ್ಲ, ಈ ಕಡೆ, ಎಂದು ಬೇರೆ ಕಡೆ ತೋರಿಸಿದಳು. ನೋಡನೋಡುತ್ತಲೇ ಇಡೀ ಊರು ಖಾಲಿ ಗಾಳಿಗೆ ಬೆರಳು ಮಾಡಿ ನಿಂತಿತು. ಅಲ್ಲಿ ನಮ್ಮ ದೋಣಿ ಇತ್ತು. ಅಲ್ಲಿ ನಮ್ಮಮ್ಮ ಕೂಗಿದಳು. ಅಲ್ಲಿ, ನೋಡು, ಅಲ್ಲಿ.

ಮಾನಾ ಸಬೆಲ್ ಜೊವಿತಾಳ ಗದ್ದ ಹಿಡಿದು ಮುಖವನ್ನು ಮೇಲಕ್ಕೆ ತಿರುಗಿಸಿದಳು.

“ಅಲ್ಲಿ ನೋಡು ಮಗಳೇ, ಆ ಮೋಡದ ಕೆಳಗೆ. ನಮ್ಮನೆ ಸೂರು ಅಲ್ಲಿ ತೇಲ್ಕೊಂಡು ಹೋಯ್ತು. ನಾನು ಇಗರ್ಜಿ ಗೋಪುರದಲ್ಲಿ ನಿಂತಿದ್ದೆ. ಸೂರಿನ ಮೇಲೆ ನನ್ನ ಗಂಡ ಕೂತಿದ್ದ. ನನ್ನ ಕಂಡು ಕೈ ಬೀಸಿದ, ದಿನಾ ಮೀನಿಗೆ ಹೋಗೋವಾಗ ಬೀಸ್ತಿದ್ದನಲ್ಲ, ಹಾಗೇನೇ.”