ಮುತ್ತನ ಹಸಿವು

ಸುಬ್ಬಮ್ಮ ನೀರಿನ ಬಿಂದಿಗೆ ಇಳಿಸಿ ಒಳಗೆ ಬರುವಷ್ಟರಲ್ಲಿ ಮುತ್ತ ಅನ್ನದ ತಪ್ಪಲೆಗೆ ತಲೆ ತೂರಿಸಿತ್ತು. ಅಡುಗೆಮನೆ ಹೊಸ್ತಿಲನ್ನು ಎಂಟು ವರ್ಷದಲ್ಲಿ ಒಮ್ಮೆಯೂ ದಾಟದ ನಾಯಿ. ತಮ್ಮ ಬರುತ್ತಾನೆಂದು ಅಪರೂಪಕ್ಕೆ ಮಾಡಿದ್ದ ಅನ್ನ.

"ಕಳ್ ಮುಂಡೇದೆ!" ಒಲೆಯ ಪಕ್ಕದಲ್ಲಿದ್ದ ಸೌದೆ ತೆಗೆದು ಬಾರಿಸಿದಳು. ಎರಡೇಟು ತಿಂದರೂ ಅದು ಮತ್ತೆ ತಪ್ಪಲೆಗೇ ಬಾಯಿ ಹಾಕಿತು. ಅವಳಿಗೆ ಇನ್ನಷ್ಟು ಸಿಟ್ಟು ಬಂದು, ಕೈ ಸೋಲುವವರೆಗೆ ಹೊಡೆದಳು.

ತಿಂಗಳ ಕೆಳಗೆ ಇದೇ ನಾಯಿ ರಕ್ತಭೇದಿಯಾಗಿ ಮೂಳೆಚಕ್ಕಳವಾಗಿತ್ತು. ಹಾಸನದ ಸಾಮಿಲ್ಲಿನಲ್ಲಿ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಬಾಗೂರಿಗೆ ಬರುವ ಗಂಡ ಗಂಗಯ್ಯ, ಅದನ್ನು ಸೈಕಲ್ಲಿಗೆ ಕಟ್ಟಿದ ಕುಕ್ಕೆಯಲ್ಲಿ ಕೂರಿಸಿಕೊಂಡು ಚನ್ನರಾಯಪಟ್ಟಣದ ದನದಾಸ್ಪತ್ರೆಗೆ ಹೋಗಿ ಮಾತ್ರೆ ತಂದಿದ್ದ. ಎಂಟೇ ದಿನಕ್ಕೆ ಭೇದಿ ನಿಂತಿತು. ಆದರೆ ಮುತ್ತ ಬೇರೆಯೇ ನಾಯಿಯಾಯಿತು. ಬಾನಿಯ ನೀರೆಲ್ಲ ಕುಡಿಯಿತು, ಜಗಲಿಯ ಮೇಲೆಲ್ಲ ಉಚ್ಚೆ ಹುಯ್ಯಿತು, ನೆರೆಮನೆಗಳಿಗೂ ನುಗ್ಗಿತು. ಈಗ ಅನ್ನದ ತಪ್ಪಲೆ.

ಅಂದೇ ಸುಬ್ಬಮ್ಮ ಅದನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿದಳು. ಮುಂದಿದ್ದ ನೀರನ್ನು ಕಡಿಮೆ ಮಾಡಿದಳು. ವಾಸಿಯಾದ ಮೇಲೆ ಇನ್ನೇಕೆಂದು ಮಾತ್ರೆಯನ್ನೂ ನಿಲ್ಲಿಸಿದಳು. ನಾಲ್ಕನೆಯ ದಿನ ನಾಯಿ ಮೇಲೇಳಲಿಲ್ಲ. ಮತ್ತೆ ರಕ್ತ. ಅಷ್ಟರಲ್ಲಿ ಗಂಗಯ್ಯ ಬಂದ. ಇಬ್ಬರೂ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದರು.

"ಮಾತ್ರೆ ನಿಲ್ಲಿಸಿದ್ರಾ?" ಡಾಕ್ಟರ್ ಷಡಕ್ಷರಿ ಕೇಳಿದರು.

"ವಾಸಿ ಆಗಿತ್ತಲ್ಲ ಸಾ. ಅಲ್ದೆಯ, ಸುದ್ದ ಕಳ್ಳ ಆಗೋಗಿತ್ತು. ಎಷ್ಟ್ ಆಕುದ್ರೂ ಸಾಲ್ತಿರ್ಲಿಲ್ಲ. ಒಡುದ್ಬುಟ್ಟೆ."

"ಅದು ಕಳ್ಳತನ ಅಲ್ಲಮ್ಮ, ಮಾತ್ರೆ ಮಾಡಿದ್ದು. ಸ್ಟೀರಾಯ್ಡ್ ಅಂತ ಹೊಸ ಔಷಧಿ. ಕರುಳಿನ ಊತ ಇಳಿಸುತ್ತೆ, ಆದ್ರೆ ಹಸಿವು, ಬಾಯಾರಿಕೆ ತಡಕೊಳ್ಳೋಕಾಗಲ್ಲ. ಮನುಷ್ಯರಿಗೂ ಅಷ್ಟೇ. ಒಂದೇ ಸಲಕ್ಕೆ ನಿಲ್ಲಿಸಲೂಬಾರದು, ಸ್ವಲ್ಪ ಸ್ವಲ್ಪ ಇಳಿಸಬೇಕು. ಯಜಮಾನ್ರಿಗೆ ಎಲ್ಲಾ ಬಿಡಿಸಿ ಹೇಳಿದ್ನಲ್ಲ?"

ಸುಬ್ಬಮ್ಮ ಗಂಡನ ಕಡೆ ತಿರುಗಿದಳು. "ನಂಗ್ಯಾಕ್ ಏಳ್ಲಿಲ್ಲ?"

ಗಂಗಯ್ಯ ಹೊರಗೆ ನಿಂತ ಎತ್ತುಗಳನ್ನು ನೋಡುತ್ತಿದ್ದ. "ನಾಯಿ ನೀರ್ ಕುಡಿಯೋದು, ಉಚ್ಚೆ ಉಯ್ಯೋದು... ಅದ್ನೆಲ್ಲ ಏನ್ ಏಳೋದು ಅಂತ ಸುಮ್ಕಾದೆ ಕಣೆ. ಮಾತ್ರೆ ಆಕು ಅಂದ್ರೆ ಸಾಕು ಅಂದ್ಕಂಡೆ."

ಊರು ಸೇರುವವರೆಗೆ ಸುಬ್ಬಮ್ಮ ಗಾಡಿಯಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅದು ತಲೆ ತೆಗೆಯಲಿಲ್ಲ; ತೆಗೆಯುವ ಶಕ್ತಿ ಅದಕ್ಕಿರಲಿಲ್ಲ.

ಮಾತ್ರೆ ಮತ್ತೆ ಶುರುವಾಯಿತು. ಐದನೆಯ ದಿನ ಮುತ್ತ ಎದ್ದು ನಿಂತಿತು. ಹಿಂದೆಯೇ ಆ ಹಸಿವೂ ಬಂತು. ಸುಬ್ಬಮ್ಮ ದೊಡ್ಡ ಮುದ್ದೆಯೊಂದನ್ನು ಮುರಿದು, ಮೇಲೆ ಮಜ್ಜಿಗೆ ಹುಯ್ದು ಅಂಗಳದಲ್ಲಿಟ್ಟು, ಎದುರಿಗೇ ಕುಕ್ಕರುಗಾಲಲ್ಲಿ ಕೂತಳು.

"ತಿನ್ನು ಮಗ. ಎಷ್ಟ್ ಬೇಕಾದ್ರೂ ತಿನ್ನು. ನಾನೇನೂ ಅನ್ನಕಿಲ್ಲ."

ನಾಯಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಆದರೂ ಹತ್ತಿರ ಬರಲಿಲ್ಲ. ತಲೆ ಸವರಲೆಂದು ಅವಳು ಕೈ ಚಾಚಿದಾಗ ಅದು ಕಣ್ಣು ಮುಚ್ಚಿ, ಮೈ ಕುಗ್ಗಿಸಿ, ಏಟಿಗಾಗಿ ಕಾಯಿತು.

ಸುಬ್ಬಮ್ಮ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಆಮೇಲೆ ಅಂಗಳದಿಂದ ಗಬಗಬನೆ ತಿನ್ನುವ ಸದ್ದು ಕೇಳಿಸಿತು.